ಕ್ಯಾಟಲೀನಾ ಮಾಡೆಲ್‌ಗೆ ಯಾವ ಬಣ್ಣ: ನೀಲಿಯೋ, ಬಿಳಿಯೋ, ಕಪ್ಪೋ?

ಪ್ರಶ್ನೆ: ಎರಡನೇ ಮಹಾಯುದ್ಧದ ಪಿಬಿವೈ-5ಎ ಕ್ಯಾಟಲೀನಾ ವಿಮಾನದ 1/72 ಕಿಟ್ (ನಿಜವಾದದ್ದರ 72ನೇ ಒಂದು ಭಾಗದಷ್ಟು ಅಳತೆಯ ಮಾಡೆಲ್) ತಗೊಂಡಿದ್ದೇನೆ. ಒಂದು ಫೋಟೊದಲ್ಲಿ ಈ ವಿಮಾನ ನೀಲಿ, ಇನ್ನೊಂದರಲ್ಲಿ ಬಿಳಿ, ಮತ್ತೊಂದರಲ್ಲಿ ಪೂರ್ತಿ ಕಪ್ಪು. ಯಾವುದು ಸರಿ? ಹೇಗೆ ಹಚ್ಚಬೇಕು?

ಎಲ್ಲವೂ ಸರಿ. ಆದರೆ ಯಾವ ಸಮುದ್ರ, ಯಾವ ವರ್ಷ, ಹಗಲಿನ ಕೆಲಸವೋ ರಾತ್ರಿಯದೋ ಅನ್ನೋದು ಮೊದಲು ತೀರ್ಮಾನ ಆಗಬೇಕು. ಅದು ಗೊತ್ತಾದರೆ ಬಣ್ಣ ತಾನಾಗೇ ಗೊತ್ತಾಗುತ್ತದೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಸುಮ್ನೆ ಬಣ್ಣ ಆರಿಸಬೇಡಿ.

ಕ್ಯಾಟಲೀನಾ ನೀರಿನ ಮೇಲೆ ಇಳಿಯುವ ವಿಮಾನ, ಅದರ ಕೆಲಸವೇ ಗಸ್ತು. ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರುತ್ತಾ ಶತ್ರು ಹಡಗು, ಜಲಾಂತರ್ಗಾಮಿಗಳನ್ನು ಹುಡುಕಬೇಕು. ಸಿಕ್ಕರೆ ಬಾಂಬ್ ಹಾಕಬೇಕು. 1935ರಲ್ಲಿ ಮೊದಲ ಸಲ ಹಾರಿದ ಈ ವಿಮಾನ ಯುದ್ಧದ ಹೊತ್ತಿಗೆ ತೀರಾ ನಿಧಾನದ್ದಾಗಿತ್ತು. ಫೈಟರ್ ವಿಮಾನ ಬೆನ್ನು ಹತ್ತಿದರೆ ತಪ್ಪಿಸಿಕೊಂಡು ಓಡುವ ಮಾತೇ ಇಲ್ಲ. ಹಾಗಾಗಿ ಕಣ್ಣಿಗೆ ಬೀಳದಿರುವುದೇ ಅದಕ್ಕೆ ರಕ್ಷಣೆ. ಬಣ್ಣ ಬದಲಾಗಿದ್ದೆಲ್ಲ ಈ ಕಾರಣಕ್ಕೆ.

ಪೆಸಿಫಿಕ್‌ನಲ್ಲಿ ಮೇಲಿನಿಂದ ನೋಡುವ ಶತ್ರುವಿಗೆ ಕೆಳಗೆ ಕಾಣುವುದು ನೀಲಿ ನೀರು. ಅದಕ್ಕೇ 1941-42ರ ಅಮೆರಿಕನ್ ಕ್ಯಾಟಲೀನಾಗಳಿಗೆ ಮೇಲೆ ನೀಲಿ ಮಿಶ್ರಿತ ಬೂದು, ಕೆಳಗೆ ತಿಳಿ ಬೂದು. 1943ರಿಂದ ಮೇಲೆ ಕಡು ಸಮುದ್ರ ನೀಲಿ, ಪಕ್ಕದಲ್ಲಿ ಮಧ್ಯಮ ನೀಲಿ, ಅಡಿಯಲ್ಲಿ ಬಿಳಿ. ಅದೇ ಪೆಸಿಫಿಕ್‌ನಲ್ಲಿ 1942ರ ಕೊನೆಗೆ ಗ್ವಾಡಲ್‌ಕೆನಾಲ್‌ನಿಂದ ರಾತ್ರಿ ದಾಳಿ ಶುರುವಾಯಿತು. ಆ ವಿಮಾನಗಳಿಗೆ ಪೂರ್ತಿ ಮ್ಯಾಟ್ (ಹೊಳಪಿಲ್ಲದ) ಕಪ್ಪು ಬಳಿದರು. ಅವೇ ಹೆಸರುವಾಸಿ ‘ಬ್ಲ್ಯಾಕ್ ಕ್ಯಾಟ್’ ದಳಗಳು.

ಬಿಳಿ ಬಣ್ಣದ ಕಾರಣ ಇದಕ್ಕಿಂತ ಸ್ವಾರಸ್ಯದ್ದು. ಅಟ್ಲಾಂಟಿಕ್‌ನಲ್ಲಿ ನೋಡುವವನು ಕೆಳಗಿದ್ದಾನೆ, ಜರ್ಮನ್ ಜಲಾಂತರ್ಗಾಮಿಯ ಮೇಲೆ ನಿಂತ ಕಾವಲುಗಾರ. ಅಲ್ಲಿ ಆಕಾಶ ಬಹುಪಾಲು ಮೋಡ ಮುಚ್ಚಿದ ಬೆಳ್ಳನೆಯ ಆಕಾಶ. ವಿಮಾನದ ಅಡಿಭಾಗ ಯಾವಾಗಲೂ ನೆರಳಿನಲ್ಲಿರುವುದರಿಂದ ಬೂದು ಬಳಿದರೂ ಅದು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬಿಳಿ ಬಳಿದರೆ ಆ ಚುಕ್ಕೆ ತಿಳಿಯಾಗುತ್ತದೆ. ಕಾವಲುಗಾರ ಗುರುತಿಸುವಷ್ಟರಲ್ಲಿ ವಿಮಾನ ಇನ್ನಷ್ಟು ಹತ್ತಿರ ಬಂದಿರುತ್ತದೆ. ಜಲಾಂತರ್ಗಾಮಿ ಮುಳುಗಿ ತಪ್ಪಿಸಿಕೊಳ್ಳುವ ಆಟದಲ್ಲಿ ಆ ಕೆಲವೇ ಸೆಕೆಂಡು ದೊಡ್ಡದು. ಬ್ರಿಟಿಷರ ಕೋಸ್ಟಲ್ ಕಮಾಂಡ್ (ಸಮುದ್ರ ಕಾಯುವ ವಾಯುಪಡೆ ವಿಭಾಗ) ಪಕ್ಕ ಮತ್ತು ಅಡಿಗೆ ಬಿಳಿ ಬಳಿದದ್ದು ಇದಕ್ಕೇ. ಅಮೆರಿಕದವರೂ ಮುಂದೆ ಅಟ್ಲಾಂಟಿಕ್‌ನಲ್ಲಿ ಮೇಲೆ ಬೂದು, ಉಳಿದದ್ದೆಲ್ಲ ಬಿಳಿ ಅನ್ನುವ ದಾರಿಗೆ ಬಂದರು.

ನನ್ನನ್ನು ಕೇಳಿದರೆ ಹಿಂದೂ ಮಹಾಸಾಗರದ ಕ್ಯಾಟಲೀನಾ ಮಾಡಿ ಅಂತೀನಿ. ನಮ್ಮಲ್ಲಿ ಅದನ್ನು ಮಾಡುವವರು ಕಮ್ಮಿ, ಕಥೆ ಮಾತ್ರ ನಮ್ಮ ಪಕ್ಕದ್ದೇ. 1942ರ ಏಪ್ರಿಲ್ 4ರಂದು ಶ್ರೀಲಂಕಾದ ಕೊಗ್ಗಲ ಕೆರೆಯಿಂದ ಹೊರಟ ಕ್ಯಾಟಲೀನಾವೊಂದು ದ್ವೀಪದ ದಕ್ಷಿಣಕ್ಕೆ ಜಪಾನಿನ ನೌಕಾಪಡೆಯನ್ನು ಕಂಡಿತು. ಅದನ್ನು ಹಾರಿಸುತ್ತಿದ್ದವರು ಕೆನಡಾದ ಲೆನರ್ಡ್ ಬರ್ಚಲ್. ಫೈಟರ್‌ಗಳು ಹೊಡೆದುರುಳಿಸುವ ಮೊದಲು ಅವರ ತಂಡ ರೇಡಿಯೊದಲ್ಲಿ ಸುದ್ದಿ ಮುಟ್ಟಿಸಿತು. ಮರುದಿನ ಕೊಲಂಬೊ ಮೇಲೆ ದಾಳಿಯಾಯಿತು. ಬರ್ಚಲ್ ತಂಡದಲ್ಲಿ ಬದುಕುಳಿದವರು ಜಪಾನಿಯರಿಗೆ ಸೆರೆಯಾದರು. ಮದ್ರಾಸಿನ ರೆಡ್ ಹಿಲ್ಸ್ ಕೆರೆ ಕೂಡ ಬ್ರಿಟಿಷ್ ಕ್ಯಾಟಲೀನಾಗಳ ನೆಲೆಯಾಗಿತ್ತು. ರಿಪೇರಿಗೆ ಇವು ಬರುತ್ತಿದ್ದದ್ದು ಬೆಂಗಳೂರಿಗೆ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಈಗ ನೊರೆಯಿಂದ ಸುದ್ದಿಯಾಗುವ ಅದೇ ಕೆರೆ. ಬ್ರಿಟಿಷ್ ವಿಮಾನಕ್ಕೆ ಮೇಲ್ಭಾಗದಲ್ಲಿ ಕಡು ಬೂದು ಮತ್ತು ಹಸಿರು ಛಾಯೆಯ ಬೂದು ಪಟ್ಟೆ ಬರುತ್ತದೆ. ಅಡಿಭಾಗದ ಬಣ್ಣವನ್ನು ನೀವು ಆರಿಸಿದ ವಿಮಾನದ ಫೋಟೊ ನೋಡಿಯೇ ತೀರ್ಮಾನಿಸಿ. ಬರ್ಚಲ್ ಹಾರಿಸಿದಂಥದ್ದೇ ಬೇಕಿದ್ದರೆ ಕಿಟ್ ಬೇರೆ ಬೇಕಾದೀತು, 5ಎಗೆ ಚಕ್ರಗಳಿವೆ, ಕೊಗ್ಗಲದವು ನೀರಿನಲ್ಲಷ್ಟೇ ಇಳಿಯುವಂಥವು.

ಡೆಕಲ್ (ಮಾಡೆಲ್ ಮೇಲೆ ಅಂಟಿಸುವ ಗುರುತಿನ ಚಿತ್ರ) ಆರಿಸುವಾಗಲೂ ವರ್ಷ ನೋಡಿ. ಜಪಾನಿನ ಕೆಂಪು ಸೂರ್ಯನ ಜತೆ ಗೊಂದಲ ಆಗಬಾರದೆಂದು 1942ರ ಮೇ ತಿಂಗಳಲ್ಲಿ ಅಮೆರಿಕದವರು ತಮ್ಮ ವಿಮಾನದ ಗುರುತಾದ ನಕ್ಷತ್ರದ ನಡುವಿನ ಕೆಂಪು ಚುಕ್ಕೆ ತೆಗೆದರು. ಭಾರತ-ಬರ್ಮಾ ಭಾಗದ ಬ್ರಿಟಿಷ್ ವಿಮಾನಗಳ ಗುರುತಿನ ವೃತ್ತದಿಂದಲೂ ಕೆಂಪು ಹೋಯಿತು. ಅಮೆರಿಕನ್ ನಕ್ಷತ್ರದ ಎರಡೂ ಪಕ್ಕ ಬಿಳಿ ಪಟ್ಟಿ ಸೇರಿದ್ದು 1943ರಲ್ಲಿ. ಮೂರು ಛಾಯೆಯ ನೀಲಿ-ಬಿಳಿ ವಿಮಾನದ ಮೇಲೆ ಕೆಂಪು ಚುಕ್ಕೆಯ ನಕ್ಷತ್ರ ಅಂಟಿಸಿದರೆ ಎರಡು ಬೇರೆ ಬೇರೆ ಕಾಲ ಒಂದೇ ಮಾಡೆಲ್ ಮೇಲೆ ಬಂದಂತೆ.

ಈಗ ಕೆಲಸಕ್ಕೆ ಬರೋಣ. ಚಕ್ರದ ಮೇಲೆ ನಿಲ್ಲಿಸುವುದಾದರೆ ಮೂತಿಯೊಳಗೆ ತೂಕ ಹಾಕಲೇಬೇಕು, ಇಲ್ಲದಿದ್ದರೆ ಬಾಲ ಊರಿ ಕೂರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು. ಒಡಲಿನ ಎರಡು ಹೋಳು ಅಂಟಿಸುವ ಮೊದಲು ಟೇಪಿನಲ್ಲಿ ಜೋಡಿಸಿ, ಮುಖ್ಯ ಚಕ್ರದ ಜಾಗದಲ್ಲಿ ಬೆರಳಿಟ್ಟು ತೂಗಿ ನೋಡಿ. ರೆಕ್ಕೆಯನ್ನು ಬೇರೆಯಾಗಿಯೇ ಇಟ್ಟುಕೊಂಡು ಬಣ್ಣ ಹಚ್ಚಿ, ಕೊನೆಗೆ ಕೂರಿಸಿ. 1/72ರಲ್ಲೂ ಅದು 44 ಸೆಂಟಿಮೀಟರ್ ಉದ್ದ. ಮೊದಲೇ ಅಂಟಿಸಿದರೆ ಕೈ ಹಿಡಿಯಲು ಜಾಗ ಸಿಗಲ್ಲ.

ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ. ಬಿಳಿಯನ್ನು ಒಂದೇ ಸಲಕ್ಕೆ ದಪ್ಪಗೆ ಬಳಿದರೆ ರಿವೆಟ್ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ತಿಳಿ ಪ್ರೈಮರ್ (ಅಡಿಪದರದ ಬಣ್ಣ) ಮೇಲೆ ತೆಳ್ಳಗೆ, ಒಣಗಲು ಬಿಟ್ಟು ಬಿಟ್ಟು ಹಚ್ಚಿ. ಬ್ಲ್ಯಾಕ್ ಕ್ಯಾಟ್ ಮಾಡುವವರು ಅಚ್ಚ ಕಪ್ಪು ಬಳಸಬೇಡಿ. ಇಷ್ಟು ಚಿಕ್ಕ ಮಾಡೆಲ್ ಮೇಲೆ ಅದು ಆಟಿಕೆಯಂತೆ ಕಾಣುತ್ತದೆ. ಟಮಿಯಾ ಕಂಪನಿಯ ಎಕ್ಸ್ಎಫ್-69 ಅಥವಾ ಎಕ್ಸ್ಎಫ್-85 ಥರದ ಕಪ್ಪಗಿನ ಬೂದು ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ ಇರುವವರು ಲ್ಯಾಕರ್ ಸ್ಪ್ರೇ ಮಾಡುವಾಗ ಜೋಪಾನ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಬೆಳ್ಳನೆ ಮಸುಕು ಕೂರುತ್ತದೆ. ಬಿಸಿಲು ಬಿದ್ದ ದಿನ ನೋಡಿ ಮಾಡಿ.

ಹಳತಾದಂತೆ ತೋರಿಸುವ ಹಂತದಲ್ಲಿ ತುಂಬಾ ಜನ ಎಡವುತ್ತಾರೆ. ಬೆಳ್ಳಿ ಬಣ್ಣದಲ್ಲಿ ರೆಕ್ಕೆ ತುಂಬಾ ಗೀರು ಹಾಕುತ್ತಾರೆ. ಆದರೆ ಕ್ಯಾಟಲೀನಾ ರೆಕ್ಕೆಯ ಹಿಂಭಾಗ, ಬಾಲದ ಅಲುಗಾಡುವ ಭಾಗಗಳೆಲ್ಲ ಬಟ್ಟೆ ಹೊದಿಸಿದವು. ಬಟ್ಟೆ ಹರಿದರೆ ಲೋಹ ಹೊಳೆಯುವುದಿಲ್ಲ, ಅಲ್ವಾ? ಅಲ್ಲಿ ಬಣ್ಣ ಮಾಸಿದಂತೆ, ಪಕ್ಕದ ಲೋಹಕ್ಕಿಂತ ಒಂದಿಷ್ಟು ತಿಳಿಯಾಗಿ ಕಾಣಬೇಕು, ಅಷ್ಟೇ. ಗೀರುಗಳು ಲೋಹದ ಕಡೆ ಇರಲಿ: ಮೂತಿ, ನೀರು ತಾಗುವ ಹೊಟ್ಟೆ, ಸಿಬ್ಬಂದಿ ಹತ್ತಿ ಓಡಾಡುವ ಜಾಗ. ಎಂಜಿನ್ ಹಿಂದೆ ರೆಕ್ಕೆಯ ಮೇಲೆ ಹೊಗೆಯ ಕಲೆ ಬರಬೇಕು. ಹೊಟ್ಟೆಯ ಪಕ್ಕ ನೀರಿನ ಮಟ್ಟದಲ್ಲಿ ಉಪ್ಪು ಕಟ್ಟಿದ ಮಬ್ಬು ಗೆರೆ ಎಳೆದರೆ ಮಾಡೆಲ್‌ಗೆ ಒಮ್ಮೆಲೇ ಜೀವ ಬರುತ್ತದೆ.

ಡೆಕಲ್ ಅಂಟಿಸುವ ಮೊದಲು ಗ್ಲಾಸಿ (ಹೊಳಪಿನ) ವಾರ್ನಿಷ್ ಹೊಡೆಯಿರಿ. ಮ್ಯಾಟ್ ಮೇಲೆ ನೇರ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿ ಹೊಳಪು ಕಾಣುತ್ತದೆ. ಆಮೇಲೆ ಮ್ಯಾಟ್ ವಾರ್ನಿಷ್. ಹಿಂಬದಿಯ ಎರಡು ದೊಡ್ಡ ಗಾಜಿನ ಗುಳ್ಳೆಗಳ ಮೇಲೆ ಬಣ್ಣ ತಾಗದಂತೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಈ ವಾರ್ನಿಷ್ ಪೂರ್ತಿ ಒಣಗಿದ ಮೇಲಷ್ಟೇ ತೆಗೆಯಿರಿ. ಅವಸರ ಮಾಡಿದರೆ ಗಾಜು ಮಂಜಾಗುತ್ತದೆ.