ಕಣ್ಣಿಗೆ ಕನ್ನಡ, ಕಿವಿಗೆ ಪೌಂಡ್ ಗುರುತು

ನುಡಿ ಫಾಂಟಿನಲ್ಲಿ ಹಳೇ ಪದ್ಧತಿಯಂತೆ ಟೈಪಾದ ‘ಕನ್ನಡ’ ಎಂಬ ಪದವನ್ನು ಸ್ಕ್ರೀನ್ ರೀಡರ್‌ನಿಂದ, ಅಂದರೆ ಪರದೆಯ ಮೇಲಿನದನ್ನು ಅಂಧರಿಗೆ ದನಿಯಲ್ಲಿ ಓದಿ ಹೇಳುವ ತಂತ್ರಾಂಶದಿಂದ, ಅಕ್ಷರ ಅಕ್ಷರವಾಗಿ ಓದಿಸಿದರೆ ಸಿಗುವುದು ಇಷ್ಟು: ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತದೇ ಎ, ಜರ್ಮನರ ಎಸ್, ಕ್ಯೂ, ಇನ್ನೊಂದು ಎ. ಬೆಳಗಾವಿ, ಬಾಗಲಕೋಟೆ ಕಡೆ ಸುತ್ತೋಲೆಯ ಪಿಡಿಎಫ್ ಹೀಗೆ ಓದಿದಾಗ ‘ಆ ಮಷೀನಿಗೆ ಕನ್ನಡ ಬರಂಗಿಲ್ಲ ಬಿಡ್ರಿ’ ಅನ್ನುವುದುಂಟು. ಮಷೀನಿಗೆ ಬರುತ್ತದೆ. ಫೈಲಿನೊಳಗೆ ಕನ್ನಡವೇ ಇಲ್ಲ.

ತೊಂಬತ್ತರ ದಶಕದ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿದ್ದ 256 ಮನೆಗಳಲ್ಲೇ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದರು. 1998ರ ‘ಬರಹ’ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲು ನಡೆದದ್ದು ಇದೇ ದಾರಿಯಲ್ಲಿ. ಅಚ್ಚಿಗೆ ಅಷ್ಟು ಸಾಕಿತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ 1991ರಲ್ಲೇ ಕನ್ನಡಕ್ಕೆ 128 ಸ್ಥಾನ ಕೊಟ್ಟಿತ್ತು, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಹೊತ್ತೇ ಬಂತು. ಆದರೂ ಡಿಟಿಪಿ ಅಂಗಡಿಗಳು ಕದಲಲಿಲ್ಲ. ಪುಟ ಜೋಡಿಸಲು ಅವರ ಕೈಗೆ ಒಗ್ಗಿದ್ದ ಪೇಜ್‌ಮೇಕರ್ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಕೊನೆಯವರೆಗೂ ಕಲಿಯಲಿಲ್ಲ. ಲಗ್ನಪತ್ರಿಕೆ ಕೂಡಿಸುವ ಕಂಪ್ಯೂಟರಿನಲ್ಲೇ ನೋಟಿಸೂ ಟೈಪಾಗುತ್ತದೆ.

ಓದುವ ಯಂತ್ರ ಇತ್ತ ಅಗ್ಗವಾಗುತ್ತ ಬಂತು. 1989ರ ಜಾಸ್ ಎಂಬ ಸ್ಕ್ರೀನ್ ರೀಡರ್ ದುಬಾರಿ ಬಾಬತ್ತು. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕಲ್ ಕರ್ರನ್ ಶುರುಮಾಡಿ, ಆಮೇಲೆ ಇನ್ನೊಬ್ಬ ಅಂಧ ತರುಣ ಜೇಮ್ಸ್ ಟೆ ಕೈಜೋಡಿಸಿದ ಎನ್‌ವಿಡಿಎ ಪೂರ್ತಿ ಉಚಿತ. ಅದರೊಳಗಿನ ಇಸ್ಪೀಕ್ ದನಿ, ಒರಟಾದರೂ, ಕನ್ನಡ ಓದುತ್ತದೆ.

ಕಾನೂನು ಬಂದದ್ದು ಕಡೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ಎಲ್ಲರಿಗೂ ದಕ್ಕಬೇಕೆಂದಿತು. ಜಾಲತಾಣದ ದಾಖಲೆಗಳು ಇ-ಪಬ್ (ಇ-ಪುಸ್ತಕದ ಫೈಲು) ಅಥವಾ ಒಸಿಆರ್ ಆದ, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಿದ, ಪಿಡಿಎಫ್ ಆಗಿರಬೇಕೆಂದು 2017ರ ನಿಯಮ 15 ಹೇಳಿತು. ಆ ನಿಯಮದ ಮೊದಲ ಉಪನಿಯಮ ಬರೀ ಸಲಹೆಯಂತಿದೆ, ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಅದನ್ನು ತಳ್ಳಿಹಾಕಿ, ಕಡ್ಡಾಯ ನಿಯಮಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಫೈಲಿನ ಜಾತಕ ನೋಡಲು ಅರ್ಧ ನಿಮಿಷ ಸಾಕು. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಇಂಗ್ಲಿಷ್ ಚಿಂದಿ ಬಂದರೆ ಹಳೇ ಫಾಂಟು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬಹುದು. ಸಾಲು ಆಯ್ಕೆಯೇ ಆಗದಿದ್ದರೆ ಅದು ಸಹಿ, ಶಿಕ್ಕಾ ಬಿದ್ದ ಮೇಲೆ ಸ್ಕ್ಯಾನ್ ಆದ ಬರೀ ಫೋಟೊ. ಅದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಒಸಿಆರ್‌ಗೆ ಕೊಡಬೇಕು. ಬಂದದ್ದನ್ನು ತಿದ್ದದೆ ಬಿಡಬಾರದು, ಒತ್ತಕ್ಷರಗಳಲ್ಲಿ ಅದು ಎಡವುತ್ತದೆ.

ಕಣ್ಣಿಗೆ ಬೀಳದ ಎರಡು ತಪ್ಪುಗಳಿವೆ. ಅನುಸ್ವಾರ ‘ಂ’ ಇರಬೇಕಾದಲ್ಲಿ ಕನ್ನಡ ಅಂಕಿ ಸೊನ್ನೆ ‘೦’, ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು ‘೯’. ‘ಸ೦ಖ್ಯೆ’, ‘ಕನಾ೯ಟಕ’ ಕಾಗದದ ಮೇಲೆ ಸರಿಯಾಗೇ ಕಾಣುತ್ತವೆ. ಕೇಳುವವರಿಗೆ ಪದದ ನಡುವೆ ಅಂಕಿ ನುಗ್ಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಫೈಂಡ್-ರಿಪ್ಲೇಸ್‌ನಲ್ಲಿ ಸೊನ್ನೆ ತಿದ್ದುವಾಗ ನಿಜವಾದ ಕನ್ನಡ ಅಂಕಿಗಳನ್ನು ಕೆಡಿಸದಂತೆ ಒಂದೊಂದಾಗಿ ನೋಡಬೇಕು. ಒಂಬತ್ತಿನದಂತೂ ಕೈಯಿಂದಲೇ ಆಗಬೇಕು, ಏಕೆಂದರೆ ‘ರ್’ ಹಿಂದಿನ ಅಕ್ಷರಕ್ಕೂ ಮೊದಲು ಹೋಗಿ ಕೂಡಬೇಕು.

ವರ್ಡ್‌ನಲ್ಲಿ ಶೀರ್ಷಿಕೆಗೆ ಬೋಲ್ಡ್ ಮಾಡಿದರಷ್ಟೇ ಆಗದು, ‘ಹೆಡಿಂಗ್ 1’ ಸ್ಟೈಲ್ ಕೊಡಬೇಕು. ಆಗ ಕೇಳುವವರು ಎಚ್ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಹೊಲ ಹೋದವರ ಪರಿಹಾರ ಪಟ್ಟಿಯಂಥದ್ದನ್ನು ಊಹಿಸಿಕೊಳ್ಳಿ. ಮೊದಲ ಸಾಲಿಗೆ ‘ರಿಪೀಟ್ ಹೆಡರ್ ರೋಸ್’ ಹಾಕದಿದ್ದರೆ ‘112, 2, 14’ ಎಂದಷ್ಟೇ ಕೇಳುತ್ತದೆ. ಸರ್ವೆ ನಂಬರ್ ಯಾವುದು, ಎಕರೆ ಯಾವುದು, ಗುಂಟೆ ಯಾವುದು? ಪಟ್ಟಿಯ ಸೆಲ್‌ಗಳನ್ನು ಮರ್ಜ್ ಮಾಡಿ ಒಂದಾಗಿಸಿದ್ದರೆ ಲೆಕ್ಕವೇ ತಪ್ಪುತ್ತದೆ. ಬೆಳಗಾವಿ ಕಡೆ ಕನ್ನಡದ ಜೊತೆ ಮರಾಠಿಯೂ ಇರುವ ಕಾಗದದಲ್ಲಿ ಆಯಾ ಭಾಗಕ್ಕೆ ಭಾಷೆಯನ್ನೂ ಗುರುತಿಸಬೇಕು.

ಕೊನೆಗೆ ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟರೆ ಮಾಡಿದ ಕೆಲಸವೆಲ್ಲ ಅಳಿಸುತ್ತದೆ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್‌ನಲ್ಲಿ ಸ್ಟ್ರಕ್ಚರ್ ಟ್ಯಾಗ್ಸ್‌ಗೆ (ಶೀರ್ಷಿಕೆ, ಪಟ್ಟಿ ಯಾವುದೆಂದು ಹೇಳುವ ಗುರುತುಗಳಿಗೆ) ಟಿಕ್ ಇದೆಯೇ ನೋಡಿ. ಇಷ್ಟಾದರೂ ಪಿಡಿಎಫ್ ಅಕ್ಷರಗಳ ಆಕಾರವನ್ನು ಹಿಡಿದಿಡುವ ರೀತಿಯಿಂದ ಕೆಲವೊಮ್ಮೆ ಒತ್ತುಗಳು ಹಿಂದುಮುಂದಾಗುತ್ತವೆ. ಅದಕ್ಕೇ ಪಿಡಿಎಫ್ ಪಕ್ಕದಲ್ಲಿ ಮೂಲ ವರ್ಡ್ ಫೈಲನ್ನೂ ಇಡುವುದು ಒಳ್ಳೆಯದು.