ಪಾಪ ಮಾಡಿದವರು ಯಾರು? ಹುಟ್ಟುಕುರುಡನ ಪ್ರಸಂಗ ಮತ್ತು ಒಂದು ಹಳೆಯ ಪ್ರಶ್ನೆಯ ಹಿನ್ನೆಲೆ

ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬ ಭಿಕ್ಷುಕನನ್ನು ಯೆರೂಸಲೇಮಿನಲ್ಲಿ ಕಂಡಾಗ ಯೇಸುವಿನ ಶಿಷ್ಯರಿಗೆ ಮೊದಲು ಮೂಡಿದ್ದು ಕನಿಕರವಲ್ಲ, ಒಂದು ವಿಚಾರಣೆ. ಇವನು ಕುರುಡನಾಗಿ ಹುಟ್ಟಬೇಕಾದರೆ ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಅವರು ಗುರುವನ್ನು ಕೇಳಿದರು. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಪಾಪ ಮಾಡಲಿಲ್ಲ ಎಂದು ಯೇಸು ಉತ್ತರಿಸಿದನು. ಬಳಿಕ ಹಗಲಿರುವಾಗಲೇ ದೇವರ ಕೆಲಸವನ್ನು ಮಾಡಿ ಮುಗಿಸಬೇಕೆಂದು ಹೇಳಿ ಆ ಮನುಷ್ಯನ ಕಡೆ ತಿರುಗಿದನು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಹೀಗೆ ಆರಂಭವಾಗುತ್ತದೆ. ಈ ಉತ್ತರದ ಅರ್ಥವೇನೆಂಬುದನ್ನು ಕ್ರೈಸ್ತಸಭೆ ಎರಡು ಸಾವಿರ ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದೆ, ಮತ್ತು ಬಹಳ ಸಲ ಉತ್ತರವನ್ನು ಮರೆತು ಶಿಷ್ಯರ ಪ್ರಶ್ನೆಯನ್ನೇ ಮತ್ತೆ ಎತ್ತಿಕೊಂಡಿದೆ.

ಶಿಷ್ಯರ ಪ್ರಶ್ನೆ ಅವರು ಹುಟ್ಟುಹಾಕಿದ್ದೇನಲ್ಲ. ತಂದೆಗಳ ಅಪರಾಧದ ಫಲವನ್ನು ಮೂರು ನಾಲ್ಕು ತಲೆಗಳವರೆಗೆ ಮಕ್ಕಳ ಮೇಲೆ ಬರಮಾಡುವ ದೇವರ ಮಾತು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿದೆ. ಇದಕ್ಕೆ ಎದುರಾಗಿ, ಹುಳಿದ್ರಾಕ್ಷಿ ತಿಂದವರು ತಂದೆಗಳಾದರೆ ಹಲ್ಲು ಚಳಿತುಹೋಗುವುದು ಮಕ್ಕಳದ್ದು ಎಂಬ ಗಾದೆಯನ್ನು ಇನ್ನು ಆಡಕೂಡದೆಂದು ಪ್ರವಾದಿ ಯೆಹೆಜ್ಕೇಲನು ತನ್ನ ಗ್ರಂಥದ 18ನೇ ಅಧ್ಯಾಯದಲ್ಲಿ ಸಾರಿದನು. ಯೋಬನ ಗ್ರಂಥವಂತೂ ಕಷ್ಟಕ್ಕೂ ಪಾಪಕ್ಕೂ ಗಂಟುಹಾಕುವ ಸ್ನೇಹಿತರ ವಿರುದ್ಧ ಒಬ್ಬ ನೊಂದ ಮನುಷ್ಯ ನಡೆಸಿದ ದೀರ್ಘ ವಾದ. ಮಗು ಗರ್ಭದಲ್ಲಿರುವಾಗಲೇ ತಪ್ಪು ಮಾಡಬಲ್ಲದೇ ಎಂಬ ಚರ್ಚೆಯೂ ಯೆಹೂದಿ ಗುರುಗಳ ನಡುವೆ ನಡೆದಿತ್ತು. ಆದ್ದರಿಂದ ಶಿಷ್ಯರು ಕ್ರೂರಿಗಳೆಂದು ಭಾವಿಸಬೇಕಾಗಿಲ್ಲ. ತಮ್ಮ ಪರಂಪರೆಯೊಳಗೇ ಇತ್ಯರ್ಥವಾಗದೆ ಉಳಿದ ಒಂದು ವ್ಯಾಜ್ಯವನ್ನು, ಕಣ್ಣೆದುರು ಕುಳಿತ ಮನುಷ್ಯನನ್ನು ನಿಮಿತ್ತವಾಗಿಸಿಕೊಂಡು, ಗುರುವಿನ ಮುಂದಿಟ್ಟರು. ಆ ಮನುಷ್ಯನಿಗೆ ಕಿವಿ ಕೇಳಿಸುತ್ತದೆಂಬುದನ್ನು ಮಾತ್ರ ಅವರು ಮರೆತಂತಿದೆ.

ಯೇಸು ನೆಲದ ಮೇಲೆ ಉಗುಳಿ, ಮಣ್ಣು ಕಲಸಿ, ಆ ಕೆಸರನ್ನು ಅವನ ಕಣ್ಣಿಗೆ ಹಚ್ಚಿ ಸಿಲೊವಾಮ್ ಕೊಳದಲ್ಲಿ ತೊಳೆದುಕೊಳ್ಳೆಂದು ಕಳುಹಿಸಿದನು; ಅವನು ಹೋಗಿ ತೊಳೆದುಕೊಂಡು ಕಣ್ಣು ಕಾಣುವವನಾಗಿ ಬಂದನು. ಈ ಕೊಳ ದೇವಾಲಯದ ಗುಡ್ಡದ ದಕ್ಷಿಣದ ಇಳಿಜಾರಿನ ಬುಡದಲ್ಲಿದೆ. ಕ್ರಿ. ಪೂ. ಎಂಟನೆಯ ಶತಮಾನದ ಕೊನೆಯಲ್ಲಿ ಅರಸನಾದ ಹಿಜ್ಕೀಯನು ಬಂಡೆ ಕೊರೆಸಿದನೆಂದು ಹೇಳಲಾಗುವ ಸುಮಾರು 533 ಮೀಟರ್ ಉದ್ದದ ಸುರಂಗದ ಮೂಲಕ ಗೀಹೋನ್ ಬುಗ್ಗೆಯ ನೀರು ಇಲ್ಲಿಗೆ ಹರಿದು ಬರುತ್ತದೆ. ಯಾತ್ರಿಕರಿಗೆ ಬಹುಕಾಲ ತೋರಿಸುತ್ತಿದ್ದುದು ಬೈಜಾಂಟಿಯನ್ ಕಾಲದ ಒಂದು ಪುಟ್ಟ ಕೊಳವನ್ನು. 2004ರಲ್ಲಿ ಒಳಚರಂಡಿಯ ಕೊಳವೆಗಾಗಿ ನೆಲ ಅಗೆಯುತ್ತಿದ್ದಾಗ ಅದರ ಸಮೀಪದಲ್ಲೇ ಅಗಲವಾದ ಕಲ್ಲಿನ ಮೆಟ್ಟಿಲುಗಳು ಕಾಣಿಸಿಕೊಂಡವು; ಪುರಾತತ್ವಜ್ಞರಾದ ರೋನಿ ರೈಖ್ ಮತ್ತು ಎಲಿ ಶುಕ್ರೋನ್ ನಡೆಸಿದ ಉತ್ಖನನದಲ್ಲಿ ಅವು ಯೇಸುವಿನ ಕಾಲದ ಕೊಳದವೆಂದು ಗುರುತಿಸಲ್ಪಟ್ಟವು. ಐದೈದು ಮೆಟ್ಟಿಲುಗಳಿಗೊಮ್ಮೆ ನಿಂತು ಸ್ನಾನ ಮಾಡಲು ಅನುಕೂಲವಾದ ಚಪ್ಪಟೆ ಕಟ್ಟೆಯಿದೆ. ಆ ಉತ್ಖನನ ಪವಾಡವನ್ನು ರುಜುವಾತುಪಡಿಸಲಿಲ್ಲ, ಪಡಿಸುವಂಥದ್ದೂ ಅಲ್ಲ; ಆದರೆ ಯೋಹಾನನು ಊರನ್ನು ಬಲ್ಲವನಂತೆ ಬರೆದಿದ್ದಾನೆಂಬುದನ್ನು ಅದು ತೋರಿಸಿತು. ಯೆಹೂದ್ಯರ ಪರ್ಣಶಾಲೆಗಳ ಹಬ್ಬದಲ್ಲಿ ಯಾಜಕನು ಚಿನ್ನದ ಪಾತ್ರೆಯಲ್ಲಿ ನೀರು ತುಂಬಿ ಯಜ್ಞವೇದಿಗೆ ಒಯ್ಯುತ್ತಿದ್ದುದೂ ಸಿಲೊವಾಮಿನಿಂದಲೇ, ಮತ್ತು ಯೋಹಾನನ ಈ ಅಧ್ಯಾಯಕ್ಕೆ ಹಿಂದಿನ ಎರಡು ಅಧ್ಯಾಯಗಳು ಆ ಹಬ್ಬದ ಹಿನ್ನೆಲೆಯಲ್ಲೇ ನಡೆಯುತ್ತವೆ.

ಸಿಲೊವಾಮ್ ಎಂಬ ಹೆಸರು ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲೂ ಒಮ್ಮೆ ಬರುತ್ತದೆ. ಅಲ್ಲಿನ ಬುರುಜು ಕುಸಿದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ನೆನಸುತ್ತೀರೋ ಎಂದು ಕೇಳಿ, ಹಾಗಲ್ಲವೆಂದು ಯೇಸು ತಾನೇ ಉತ್ತರಿಸುತ್ತಾನೆ. ಎರಡು ಬೇರೆ ಬೇರೆ ಸುವಾರ್ತೆಗಳು ಒಂದೇ ಸ್ಥಳಕ್ಕೆ ಸಂಬಂಧಿಸಿ ಒಂದೇ ನಿಲುವನ್ನು ದಾಖಲಿಸಿರುವುದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ.

ಈ ಅಧ್ಯಾಯದ 41 ವಚನಗಳಲ್ಲಿ ಗುಣವಾಗುವ ಸಂಗತಿ ಎರಡೇ ವಚನಗಳಲ್ಲಿ ಮುಗಿಯುತ್ತದೆ. ಮಿಕ್ಕದ್ದರಲ್ಲಿ ಹೆಚ್ಚಿನ ಪಾಲು ಪಂಚಾಯಿತಿಯೇ. ಅದು ಯೆಹೂದ್ಯರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಆಗಿತ್ತು, ಮತ್ತು ಯೆಹೂದಿ ಧರ್ಮಶಾಸ್ತ್ರ ಆ ದಿನ ನಿಷೇಧಿಸಿದ 39 ಬಗೆಯ ಕೆಲಸಗಳ ಪಟ್ಟಿಯಲ್ಲಿ ಕಲಸುವುದೂ ಒಂದು. ನೆರೆಹೊರೆಯವರು ಅವನನ್ನು ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರೆಂಬ ಪಂಥದವರ ಬಳಿಗೆ ಕರೆದೊಯ್ದರು. ತಂದೆತಾಯಿಗಳನ್ನು ಕರೆಸಿದಾಗ ಅವರು ಸಭಾಮಂದಿರದಿಂದ ಬಹಿಷ್ಕಾರವಾದೀತೆಂದು ಹೆದರಿ, ಅವನು ಪ್ರಾಯದವನು, ಅವನನ್ನೇ ಕೇಳಿರಿ ಎಂದು ಜಾರಿಕೊಂಡರು. ಹೆಸರೇ ಇಲ್ಲದ ಆ ಮಗನಾದರೋ ಪ್ರಶ್ನೆಗಳು ಬಿಗಿಯಾದಷ್ಟೂ ಗಟ್ಟಿಯಾಗುತ್ತ ಹೋದನು. ಯೇಸುವೆಂಬ ಮನುಷ್ಯ ಎಂದು ಮೊದಲು ಹೇಳಿದವನು ಆಮೇಲೆ ಪ್ರವಾದಿ ಎಂದನು, ದೇವರ ಕಡೆಯಿಂದ ಬಂದವನು ಎಂದನು, ಕೊನೆಗೆ ಕರ್ತನೇ ನಂಬುತ್ತೇನೆ ಎಂದು ಅಡ್ಡಬಿದ್ದನು. ಆತನು ಪಾಪಿಯೋ ಏನೋ ನಾನರಿಯೆ, ನನಗೆ ತಿಳಿದಿರುವುದು ಒಂದೇ, ಕುರುಡನಾಗಿದ್ದೆ, ಈಗ ಕಾಣುತ್ತೇನೆ ಎಂಬ ಅವನ ಸಾಕ್ಷಿಯನ್ನು ಯಾವ ಪಂಡಿತನಿಂದಲೂ ಅಲ್ಲಗಳೆಯಲಾಗಲಿಲ್ಲ.

ಆಗ ಆ ಅಧಿಕಾರಿಗಳು ಆಡಿದ ಮಾತನ್ನು ಗಮನಿಸಬೇಕು: ನೀನು ಪೂರ್ತಿಯಾಗಿ ಪಾಪದಲ್ಲೇ ಹುಟ್ಟಿದವನು, ನಮಗೆ ಬೋಧಿಸಲು ಬಂದೆಯಾ? ಅಧ್ಯಾಯದ ಮೊದಲಲ್ಲಿ ಶಿಷ್ಯರು ಪ್ರಶ್ನೆಯಾಗಿ ಕೇಳಿದ್ದನ್ನು ಇಲ್ಲಿ ತೀರ್ಪಾಗಿ ಓದಿ ಹೇಳಿ ಅವನನ್ನು ಹೊರಗೆ ದಬ್ಬುತ್ತಾರೆ. ಅವನನ್ನು ಹುಡುಕಿಕೊಂಡು ಹೋದವನು ಯೇಸು. ಕೊನೆಯ ವಚನದಲ್ಲಿ ಲೆಕ್ಕವೇ ತಿರುಗಿ ಬೀಳುತ್ತದೆ: ನೀವು ಕುರುಡರಾಗಿದ್ದರೆ ನಿಮಗೆ ಪಾಪವಿರುತ್ತಿರಲಿಲ್ಲ, ಕಾಣುತ್ತೇವೆಂದು ಹೇಳಿಕೊಳ್ಳುವುದರಿಂದ ನಿಮ್ಮ ಪಾಪ ಉಳಿದಿದೆ ಎಂದು ಆತನು ಫರಿಸಾಯರಿಗೆ ಹೇಳುತ್ತಾನೆ. ಈ ಪವಾಡದ ಅರ್ಥ ಎರಡು ಕಣ್ಣುಗಳಿಗೆ ಬಂದ ಬೆಳಕಿನಲ್ಲಿ ಎಷ್ಟಿದೆಯೋ ಒಬ್ಬ ಮನುಷ್ಯನ ಮೇಲಿದ್ದ ಆರೋಪವನ್ನು ಎತ್ತಿಹಾಕಿದ್ದರಲ್ಲೂ ಅಷ್ಟೇ ಇದೆ ಎಂದು ನಾನು ಓದಿಕೊಳ್ಳುವುದು ಈ ಕಾರಣದಿಂದ.

ಆದಿ ಕ್ರೈಸ್ತರು ಈ ಪ್ರಸಂಗವನ್ನು ದೀಕ್ಷಾಸ್ನಾನದ ಚಿತ್ರವಾಗಿ ಕಂಡರು. ಎರಡನೆಯ ಶತಮಾನದ ನಡುವಿನಲ್ಲಿ ಕ್ರೈಸ್ತ ಲೇಖಕ ಯುಸ್ತೀನನು ದೀಕ್ಷಾಸ್ನಾನವನ್ನು ಜ್ಞಾನೋದಯ ಎಂದೇ ಕರೆದನು. ರೋಮಿನ ಭೂಗರ್ಭ ಸಮಾಧಿಗಳ ಗೋಡೆಗಳ ಮೇಲೆ ಕುರುಡನ ಕಣ್ಣು ಮುಟ್ಟುವ ಯೇಸುವಿನ ಚಿತ್ರಗಳಿವೆ. ಎರಡನೆಯ ಶತಮಾನದ ಕೊನೆಯಲ್ಲಿ ಧರ್ಮಾಧ್ಯಕ್ಷ ಇರೆನೇಯನು, ಆದಾಮನನ್ನು ಮಣ್ಣಿನಿಂದ ರೂಪಿಸಿದ ಕೈಯೇ ಇಲ್ಲಿ ಮತ್ತೆ ಮಣ್ಣು ಹಿಡಿದು ಗರ್ಭದಲ್ಲಿ ಉಳಿದುಹೋದ ಕೆಲಸವನ್ನು ಪೂರ್ತಿಗೊಳಿಸಿತು ಎಂದು ವಿವರಿಸಿದನು. ನನ್ನ ಮಟ್ಟಿಗೆ ಇದು ಈ ಪ್ರಸಂಗಕ್ಕೆ ಬಂದ ವ್ಯಾಖ್ಯಾನಗಳಲ್ಲೇ ಅತ್ಯಂತ ಸೊಗಸಾದದ್ದು, ಏಕೆಂದರೆ ಇದರಲ್ಲಿ ಆ ಭಿಕ್ಷುಕ ಸೃಷ್ಟಿಕರ್ತನ ಕೈಕೆಲಸ, ತಪ್ಪಿತಸ್ಥನಲ್ಲ. ಐದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲನು, ಆತ್ಮಗಳು ದೇಹಕ್ಕೆ ಬರುವ ಮೊದಲೇ ಪಾಪ ಮಾಡಿರುತ್ತವೆಂಬ ವಾದಕ್ಕೆ ಈ ವಚನ ಆಧಾರವಾಗದೆಂದು ಸಾಧಿಸಿದನು. ಶಿಷ್ಯರ ಪ್ರಶ್ನೆಯಲ್ಲಿ ಪೂರ್ವಜನ್ಮದ ಸುಳಿವಿದೆಯೆಂದು ನಮ್ಮಲ್ಲೂ ಆಗಾಗ ವಾದ ಹೂಡುವವರಿರುವುದರಿಂದ ಅದನ್ನು ಇಲ್ಲಿ ನೆನೆಯಬೇಕಾಯಿತು.

ಉತ್ತರ ಆಫ್ರಿಕದ ಧರ್ಮಾಧ್ಯಕ್ಷ ಅಗಸ್ಟೀನನು ಇನ್ನೊಂದು ದಾರಿ ಹಿಡಿದನು. ಈ ಕುರುಡನೆಂದರೆ ಇಡೀ ಮನುಕುಲ, ಆದಾಮನ ಪಾಪದಿಂದ ನಾವೆಲ್ಲರೂ ಹುಟ್ಟುಕುರುಡರು ಎಂದು ಅವನು ಬೋಧಿಸಿದನು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ಮಾತಿನಲ್ಲಿ ದೊಡ್ಡ ವಿನಯವಿದೆ. ಆದರೆ ಕುರುಡುತನ ಪಾಪದ ಸಂಕೇತವೆಂದು ಸಾವಿರಾರು ಪ್ರಸಂಗಪೀಠಗಳಿಂದ ಕೇಳಿ ಕೇಳಿ, ಯೇಸು ಬಿಡಿಸಿದ ಗಂಟು ಮತ್ತೆ ಬಿಗಿದುಕೊಂಡಿತು.

ಇನ್ನೊಂದು ಹಾನಿ ಯೆಹೂದ್ಯರಿಗೆ ತಟ್ಟಿತು. ಫರಿಸಾಯರ ಕುರುಡುತನವನ್ನು ಒಂದು ಇಡೀ ಜನಾಂಗದ ಕುರುಡುತನವೆಂದು ಬೋಧಿಸಿದ್ದು ಶತಮಾನಗಳ ದ್ವೇಷಕ್ಕೆ ಎಣ್ಣೆ ಎರೆಯಿತು. 1968ರಲ್ಲಿ ಅಮೆರಿಕದ ವಿದ್ವಾಂಸ ಜೆ. ಲೂಯಿಸ್ ಮಾರ್ಟಿನ್, ಬಹಿಷ್ಕಾರದ ಈ ಕಥೆಯಲ್ಲಿ ಯೋಹಾನನ ಸಮುದಾಯ ಮೊದಲನೆಯ ಶತಮಾನದ ಕೊನೆಯಲ್ಲಿ ತಾನು ಅನುಭವಿಸಿದ್ದನ್ನೂ ಹೆಣೆದಿದೆಯೆಂದು ವಾದಿಸಿದರು. ಆ ವಾದದ ವಿವರಗಳನ್ನು ಎಲ್ಲರೂ ಒಪ್ಪಿಲ್ಲವಾದರೂ, ಜಗಳವಾಡುತ್ತಿರುವ ಎರಡೂ ಪಕ್ಷಗಳವರು ಯೆಹೂದ್ಯರೇ ಎಂಬುದನ್ನು ಅದು ಮನದಟ್ಟು ಮಾಡಿತು. ಅದಕ್ಕೆ ಮೂರು ವರ್ಷ ಮೊದಲು, 1965ರಲ್ಲಿ, ಕಥೋಲಿಕ ಧರ್ಮಾಧ್ಯಕ್ಷರ ಸಭೆಯಾದ ಎರಡನೆಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರನ್ನು ಶಾಪಗ್ರಸ್ತರೆಂದು ಬಿಂಬಿಸಕೂಡದೆಂದು ಘೋಷಿಸಿತ್ತು.

ಕುರುಡರೇ ಈ ಅಧ್ಯಾಯದ ಬಗ್ಗೆ ಏನು ಹೇಳುತ್ತಾರೆಂದು ಸಭೆ ಕಿವಿಗೊಡಲಾರಂಭಿಸಿದ್ದು ತೀರ ಈಚೆಗೆ. ಮಧ್ಯವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಹಲ್, ಬೈಬಲ್ಲು ಕಣ್ಣಿದ್ದವರು ಕಣ್ಣಿದ್ದವರಿಗಾಗಿ ಬರೆದ ಗ್ರಂಥವೆಂದೂ ಅದರಲ್ಲಿ ಕುರುಡುತನವೆಂದರೆ ಅಜ್ಞಾನ, ಅವಿಶ್ವಾಸ ಎಂಬ ರೂಢಿ ಬೇರೂರಿದೆಯೆಂದೂ ನೋವಿನಿಂದ ತೋರಿಸಿಕೊಟ್ಟರು. ಅವರ ಆಕ್ಷೇಪಣೆ ಯೋಹಾನನ ಕೊನೆಯ ವಚನಗಳಿಗೂ ತಾಗುತ್ತದೆ, ಅದನ್ನು ತಳ್ಳಿಹಾಕಲಾಗದು. ಅಂತೆಯೇ 5ನೇ ಅಧ್ಯಾಯದಲ್ಲಿ 38 ವರ್ಷ ರೋಗಿಯಾಗಿದ್ದವನಿಗೆ, ಇನ್ನು ಪಾಪ ಮಾಡಬೇಡ, ಹೆಚ್ಚಿನ ಕೇಡು ಬಂದೀತು ಎಂದು ಯೇಸು ಹೇಳಿದ ಮಾತೂ ಇದೇ ಸುವಾರ್ತೆಯಲ್ಲಿದೆ. ಕಾಯಿಲೆಗೂ ನಡತೆಗೂ ಎಂದೂ ನಂಟಿಲ್ಲವೆಂದು ಯೇಸು ಹೇಳಲಿಲ್ಲ. ಮನುಷ್ಯನ ದೇಹವನ್ನು ನೋಡಿ ಅವನ ಅಪರಾಧವನ್ನು ಓದುವ ಅಧಿಕಾರವನ್ನು ಶಿಷ್ಯರಿಗೆ ಕೊಡಲಿಲ್ಲ.

ಆ ಅಧಿಕಾರವನ್ನು ತಾವಾಗಿ ಕೈಗೆತ್ತಿಕೊಳ್ಳುವುದು ನಮ್ಮ ನಾಡಿನ ಸ್ವಸ್ಥತಾ ಕೂಟಗಳಲ್ಲೂ ಕಾಣುತ್ತದೆ. ಗುಣವಾದವರನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸುತ್ತಾರೆ. ಗುಣವಾಗದ ಮಗುವಿನ ತಾಯಿಗೆ ನಿಮ್ಮ ನಂಬಿಕೆ ಸಾಲದು, ಮನೆಯಲ್ಲಿ ಏನೋ ಪಾಪವಿದೆ ಎಂದು ಹೇಳಿ ಕಳುಹಿಸುವವರೂ ಇದ್ದಾರೆ. ಯಾವ ಜನ್ಮದ ಪಾಪವೋ ಎಂದು ನೆಂಟರಿಂದ ಕೇಳಿಸಿಕೊಂಡೇ ಬಂದ ಆ ತಾಯಿಗೆ ಸುವಾರ್ತೆಯ ಹೆಸರಿನಲ್ಲೂ ಅದೇ ಮಾತು ಸಿಗಬಾರದಿತ್ತು. ಸ್ವಸ್ಥತೆಗಾಗಿ ನಡೆಯುವ ಪ್ರಾರ್ಥನಾ ಕೂಟಗಳಲ್ಲಿ ಉನ್ಮಾದ, ನಾಟಕೀಯತೆ, ರೋಚಕತೆಗಳಿಗೆ ಎಡೆಗೊಡಕೂಡದೆಂದು ವ್ಯಾಟಿಕನ್ 2000ದ ಸೆಪ್ಟೆಂಬರಿನಲ್ಲಿ ಕಥೋಲಿಕ ಧರ್ಮಾಧ್ಯಕ್ಷರಿಗೆ ಸೂಚನೆ ಹೊರಡಿಸಿತು.

ಕಥೋಲಿಕ ಪಾಠಕ್ರಮದಲ್ಲಿ ಮೂರು ವರ್ಷಗಳಿಗೊಮ್ಮೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಾಲ್ಕನೆಯ ಭಾನುವಾರ, ಮತ್ತು ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿರುವ ಕಡೆ ಪ್ರತಿವರ್ಷವೂ, ಈ ಅಧ್ಯಾಯವನ್ನು ಓದಬಹುದು. ಪಾಠ ದೀರ್ಘವಾದ್ದರಿಂದ ಅದಕ್ಕೊಂದು ಸಂಕ್ಷಿಪ್ತ ರೂಪಕ್ಕೂ ಅನುಮತಿಯಿದೆ. ಆ ರೂಪ ಮೊದಲ ವಚನದಿಂದ ನೇರವಾಗಿ ಆರನೆಯದಕ್ಕೆ ಜಿಗಿಯುತ್ತದೆ, ಆದರೆ 34ನೆಯ ವಚನವನ್ನು ಉಳಿಸಿಕೊಳ್ಳುತ್ತದೆ. ಹೀಗಾಗಿ ಅದನ್ನು ಓದಿದಾಗ ನೀನು ಪಾಪದಲ್ಲೇ ಹುಟ್ಟಿದವನು ಎಂಬ ಅಧಿಕಾರಿಗಳ ಬೈಗುಳು ಜನರ ಕಿವಿಗೆ ಬೀಳುತ್ತದೆ, ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಪಾಪ ಮಾಡಲಿಲ್ಲ ಎಂಬ ಯೇಸುವಿನ ಮಾತು ಬೀಳುವುದಿಲ್ಲ. ಉಳಿಯುವ ಸಮಯ ಕೆಲವೇ ನಿಮಿಷ. ಗುರುಗಳೂ ವಾಚಕರೂ ಆ ಭಾನುವಾರ ಪೂರ್ಣಪಾಠವನ್ನೇ ಆರಿಸಿಕೊಳ್ಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.