ಫ್ರೀ ಗೇಮಿನ ಜೆಮ್ಸ್ ಲೆಕ್ಕ

"ಫ್ರೀ ಗೇಮ್ ಅಲ್ವಾ ಸಾರ್, ಅದರಲ್ಲಿ ದುಡ್ಡು ಹೇಗೆ ಹೋಗುತ್ತೆ?" ನಾನು ಮೊಬೈಲ್ ಗೇಮ್ ಮಾಡುವವನು ಅಂತ ಗೊತ್ತಾದ ಕೂಡಲೇ ಮಕ್ಕಳ ಅಪ್ಪ-ಅಮ್ಮಂದಿರು ಕೇಳುವುದು ಇದನ್ನೇ. ಆಟದೊಳಗಿನ ಅಂಗಡಿಯಲ್ಲಿ ಯಾವುದಕ್ಕೆ ಎಷ್ಟು ಬೆಲೆ, ಯಾವ ಬಹುಮಾನ ಯಾವಾಗ ಸಿಗಬೇಕು ಅಂತ ಲೆಕ್ಕ ಹಾಕುವುದು ಬೆಂಗಳೂರಿನಲ್ಲಿ ನನ್ನ ದಿನನಿತ್ಯದ ಕೆಲಸ. ಹಾಗಾಗಿ ಈ ಪ್ರಶ್ನೆಗೆ ಬಿಡಿಸಿ ಉತ್ತರ ಹೇಳುತ್ತೇನೆ.

ಮೊದಲೆಲ್ಲ ಗೇಮ್ ಸಿ.ಡಿ.ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯುತ್ತಿತ್ತು. ದೊಡ್ಡ ಆನ್‌ಲೈನ್ ಆಟವಾದರೆ ತಿಂಗಳ ಚಂದಾ. ಬೇರೆ ದಾರಿಯನ್ನು ದೊಡ್ಡದಾಗಿ ಹಿಡಿದವರು ದಕ್ಷಿಣ ಕೊರಿಯಾದವರು. ಅಲ್ಲಿ 2003ರಲ್ಲಿ ಬಂದ ಮೇಪಲ್‌ಸ್ಟೋರಿಯನ್ನು ಆಡೋಕೆ ಕಾಸು ಬೇಡ, ಪಾತ್ರದ ಬಟ್ಟೆಬರೆಗೆ ಕಾಸು ಬೇಕು. 2009ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಉಚಿತ ಆ್ಯಪ್‌ಗಳ ಒಳಗೂ ಮಾರಾಟಕ್ಕೆ ಅವಕಾಶ ಕೊಟ್ಟಿತು. 2007ರಲ್ಲಿ ಬೆಲೆಗೆ ಮಾರಿದ್ದ ಟೀಮ್ ಫೋರ್ಟ್ರೆಸ್ 2 ಆಟವನ್ನು ವಾಲ್ವ್ ಕಂಪನಿ 2011ರಲ್ಲಿ ಉಚಿತ ಮಾಡಿ, ಟೋಪಿ ಮತ್ತಿತರ ವಸ್ತುಗಳನ್ನು ಮಾರಿ ನಡೆಸಿತು. 2015ರ ಕೊನೆಗೆ ಕ್ಯಾಂಡಿ ಕ್ರಶ್ ಮಾಡಿದ ಕಿಂಗ್ ಕಂಪನಿಯನ್ನು 590 ಕೋಟಿ ಡಾಲರಿಗೆ ಕೊಳ್ಳುವುದಾಗಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಪ್ರಕಟಿಸಿತು. ಡೌನ್‌ಲೋಡ್‌ಗೆ ಒಂದು ಪೈಸೆ ಕೇಳದ ಆಟದ ಕಂಪನಿ ಅದು! ನಮ್ಮಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲದ ಮನೆಗೂ ಈ ಅಂಗಡಿಯ ಬಾಗಿಲು ತೆರೆದದ್ದು ಯುಪಿಐ.

ಇಂಥ ಆಟ ಆಡುವವರಲ್ಲಿ ಬಹುಪಾಲು ಜನ ಒಂದು ರೂಪಾಯಿಯನ್ನೂ ಖರ್ಚು ಮಾಡುವುದಿಲ್ಲ. ಅವರಿಂದ ನಷ್ಟವೂ ಇಲ್ಲ. ಜಾಹೀರಾತು ನೋಡುತ್ತಾರೆ, ದುಡ್ಡು ಕೊಟ್ಟವನ ಜೊತೆ ಆಡಲು ಜನ ಇರುತ್ತಾರೆ. ಆದಾಯದ ದೊಡ್ಡ ಪಾಲು ಮಾತ್ರ ಮತ್ತೆ ಮತ್ತೆ ಕೊಳ್ಳುವ ಕೆಲವೇ ಜನರಿಂದ ಬರುತ್ತದೆ. ನನಗೆ ಚಿಂತೆ ಇರುವುದು ಆ ಕೆಲವರ ಬಗ್ಗೆ. ಅವರಲ್ಲಿ ಎಷ್ಟೋ ಸಲ ಅಪ್ಪನ ಫೋನ್ ಹಿಡಿದ ಹುಡುಗನೂ ಇರುತ್ತಾನೆ.

ಅಂಗಡಿಯ ಪರದೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದಾಹರಣೆಗೆ ಒಂದು ಸ್ಕಿನ್, ಅಂದರೆ ಪಾತ್ರದ ಹೊಸ ವೇಷದ ಬೆಲೆ 650 ಜೆಮ್ಸ್. ಜೆಮ್ಸ್ ಅಂದರೆ ದುಡ್ಡು ಕೊಟ್ಟು ಕೊಳ್ಳುವ, ಆಟದೊಳಗೆ ಮಾತ್ರ ನಡೆಯುವ ನಾಣ್ಯ. ಜೆಮ್ಸ್ ಪ್ಯಾಕ್ ಎರಡೇ: 500ಕ್ಕೆ 399 ರೂಪಾಯಿ, 1,200ಕ್ಕೆ 799 ರೂಪಾಯಿ. ಸಣ್ಣ ಪ್ಯಾಕ್ ಒಂದು ಸಾಲದು. ಎರಡು ತಗೊಂಡರೆ 798 ರೂಪಾಯಿ. ಇನ್ನೊಂದೇ ರೂಪಾಯಿ ಹಾಕಿದರೆ 200 ಜೆಮ್ಸ್ ಜಾಸ್ತಿ ಬರುತ್ತೆ ಅಂತ ಎಲ್ಲರೂ ದೊಡ್ಡದನ್ನೇ ಒತ್ತುತ್ತಾರೆ. ಸ್ಕಿನ್ ಬಂತು, 550 ಜೆಮ್ಸ್ ಉಳಿಯಿತು. ಮುಂದಿನ ಸ್ಕಿನ್‌ಗೂ 650 ಬೇಕು, ನೂರು ಕಡಿಮೆ. ಈ ಕೊರತೆ ಆಕಸ್ಮಿಕ ಅಲ್ಲ, ಲೆಕ್ಕ ಹಾಕಿ ಇಟ್ಟದ್ದು. ಉಳಿದದ್ದು ಸುಮ್ನೆ ಹಾಳಾಗುತ್ತಲ್ಲ ಅಂತ ಮನಸ್ಸು ಮತ್ತೆ 399ರ ಕಡೆ ಎಳೆಯುತ್ತದೆ. ಅಷ್ಟು ಹೊತ್ತಿಗೆ ರೂಪಾಯಿ ಮರೆತಿರುತ್ತದೆ. ತಲೆಯಲ್ಲಿ ಇರುವುದು ಜೆಮ್ಸ್ ಮಾತ್ರ.

ಇದಕ್ಕಿಂತ ಕೆಟ್ಟದ್ದು ಲೂಟ್ ಬಾಕ್ಸ್. ದುಡ್ಡು ಕೊಟ್ಟು ಡಬ್ಬಿ ತೆರೆಯಬೇಕು, ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಅಪರೂಪದ ವಸ್ತು ಸಿಗುವ ಸಾಧ್ಯತೆ ಶೇ. 1 ಅಂದುಕೊಳ್ಳಿ. ನೂರು ಡಬ್ಬಿ ತೆರೆದರೆ ಒಂದಾದರೂ ಸಿಗಲೇಬೇಕು ಅಂತ ಹೆಚ್ಚಿನವರು ನಂಬುತ್ತಾರೆ. ಗಣಿತ ಹಾಗೆ ಹೇಳುವುದಿಲ್ಲ. ನೂರು ತೆರೆದ 100 ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಮುನ್ನೂರು ತೆರೆದರೂ 5 ಜನರಿಗೆ ಸಿಕ್ಕಿರುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗನಿಗೆ ಇದನ್ನು ಕಾಗದದ ಮೇಲೆ ಮಾಡಿ ತೋರಿಸಿ, ಅರ್ಥವಾಗುತ್ತದೆ.

ಚೀನಾದಲ್ಲಿ 2017ರಿಂದ, ಕೊರಿಯಾದಲ್ಲಿ 2024ರಿಂದ ಈ ಸಾಧ್ಯತೆಯ ಅಂಕಿಯನ್ನು ಪ್ರಕಟಿಸಲೇಬೇಕು ಅಂತ ನಿಯಮ ಇದೆ. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಇಂಥ ಡಬ್ಬಿಯನ್ನು ಜೂಜು ಅಂತಲೇ ಕರೆಯಿತು. ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನಿನ ಗುರಿ, ಹಣ ಕಟ್ಟಿ ಹಣ ಗೆಲ್ಲುವ ಆಟಗಳು. ಕಾನೂನು ಬಂತಲ್ಲ, ಇನ್ನು ಚಿಂತೆ ಇಲ್ಲ ಅಂತ ಪೋಷಕರು ನಿರಾಳ ಆಗಬಾರದು. ಸ್ಕಿನ್, ಜೆಮ್ಸ್ ಮಾರುವ ಆಟಗಳ ಕಥೆಯೇ ಬೇರೆ.

ಬಟನ್ ಎಲ್ಲಿದೆ ಅನ್ನುವುದರಲ್ಲೂ ದುಡ್ಡಿದೆ. ಫೋರ್ಟ್‌ನೈಟ್‌ನಲ್ಲಿ ವಸ್ತುವನ್ನು ಬರೀ ನೋಡಲು ಹೋಗಿ ಪಕ್ಕದ ಬಟನ್ ಒತ್ತಿದರೂ, ಆಟ ಲೋಡ್ ಆಗುವಾಗ ಒತ್ತಿದರೂ ಖರೀದಿ ಆಗುತ್ತಿತ್ತು ಅಂತ ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತ್ತು. ಆಟಗಾರರಿಗೆ ವಾಪಸ್ ಕೊಡಲು 24.5 ಕೋಟಿ ಡಾಲರ್ ಕಟ್ಟುವುದಾಗಿ ಆ ಆಟ ಮಾಡಿದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು.

ಆಟದೊಳಗಿನ ಮಾರಾಟವೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ನೋಟಕ್ಕೆ ಮಾತ್ರ ಇರುವ, ಗೆಲ್ಲಲು ಸಹಾಯ ಮಾಡದ ಸ್ಕಿನ್ ಅನ್ನು ನೇರ ಬೆಲೆಗೆ ಮಾರುವುದು ನ್ಯಾಯವಾದ ವ್ಯಾಪಾರ. ಕೊಳ್ಳಲಾಗದ ಹುಡುಗರಿಗೂ ಅದರಿಂದ ಒಳ್ಳೆಯ ಆಟ ಪೂರ್ತಿಯಾಗಿ ಸಿಗುತ್ತದೆ. ಆದರೆ ಪ್ರತಿ ವಸ್ತುವಿನ ಪಕ್ಕ ರೂಪಾಯಿ ಬೆಲೆ ಬರೆಯಬೇಕು. ಬೇಕಾದಷ್ಟೇ ಜೆಮ್ಸ್ ಕೊಳ್ಳಲು ಬಿಡಬೇಕು. ಮಕ್ಕಳು ಆಡುವ ಆಟದಲ್ಲಿ ದುಡ್ಡಿನ ಲೂಟ್ ಬಾಕ್ಸ್ ಇರಲೇಬಾರದು. ಇಷ್ಟು ಮಾಡಲು ನಮ್ಮ ಉದ್ಯಮಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ.

ಅಲ್ಲಿಯವರೆಗೆ ಮನೆಯಲ್ಲಿ ಆಗುವ ಕೆಲಸ ಇದು. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಿ. ಮಗುವಿನ ಕೈಗೆ ಕೊಡುವ ಫೋನಿನ ಖಾತೆಗೆ ಕಾರ್ಡ್, ಯುಪಿಐ ಜೋಡಿಸಬೇಡಿ. ಗೊತ್ತಿಲ್ಲದೆ ಏನಾದರೂ ಖರೀದಿ ಆಗಿದ್ದರೆ ಬೈಯುವುದು ಆಮೇಲೆ ಇರಲಿ, 48 ಗಂಟೆಯೊಳಗೆ ಗೂಗಲ್ ಪ್ಲೇನಲ್ಲೇ ರೀಫಂಡ್‌ಗೆ ಅರ್ಜಿ ಹಾಕಿ.